ಉತ್ತರ ಹೇಳದೆ ಕಾದ ಮಳೆಗಾಲ

ಕಳೆದ ತಿಂಗಳು ಹಾಸನದ ಒಂದು ರಿಪೇರಿ ಅಂಗಡಿಯಲ್ಲಿ ನನ್ನ ಹಳೆಯ ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮಂಡಿ ನೋವು, ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಅಂಗಡಿಯವನು ಯಾರದೋ ಓಬೀರಾಯನ ಕಾಲದ ಟಿ.ವಿ.ಯ ಬೆನ್ನು ಬಿಚ್ಚಿ ಸ್ವಿಚ್ಚು ಹಾಕಿದ. ಒಳಗೆ ವರ್ಷಗಟ್ಟಲೆ ಕೂತಿದ್ದ ಧೂಳು ಬಿಸಿಯಾಯಿತು. ಧೂಳಿನ ಜೊತೆಗೆ ಬೂಷ್ಟು, ಕಾದ ತಂತಿ, ಕಾದ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಂತು. ಕಣ್ಣು ಮುಚ್ಚಿಕೊಂಡುಬಿಟ್ಟೆ.

"ಯಾಕಮ್ಮ, ತಲೆ ಸುತ್ತುತ್ತಾ?" ಎಂದು ಅವನು ಕೇಳಿದ.

"ಇಲ್ಲಪ್ಪ, ನೀನು ಕೆಲಸ ಮಾಡು" ಎಂದೆ.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲವಿಡೀ ನಾನು ಆ ವಾಸನೆಯ ಪಕ್ಕದಲ್ಲಿ ಕೂತು ಕಳೆದಿದ್ದೇನೆ. ಹೊಂಗಡಹಳ್ಳ ದಾಟಿ ಬಿಸಿಲೆಯ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ನಾನಾಗ ಟೈಪಿಸ್ಟ್ ಆಗಿದ್ದೆ. ನನ್ನ ಊರು ಕೆ. ಹೊಸಕೋಟೆಯ ಹತ್ತಿರ. ರಾಗಿ, ಹುರುಳಿ ಬೆಳೆಯುವ ಸೀಮೆಯವಳಿಗೆ ಆ ಕಡೆಯ ಮಳೆ ಒಗ್ಗಲೇ ಇಲ್ಲ. ನಮ್ಮಲ್ಲಿ ಮಳೆ ಬಂದರೆ ಜನ ಮುಖ ಅರಳಿಸಿ ಹೊರಗೆ ಬರುತ್ತಿದ್ದರು. ಇಲ್ಲಿ ಮಳೆ ಬಂದರೆ ಮಾತು ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ಹಗ್ಗದ ಮೇಲೆ ಹಾಕಿದ ಸೀರೆ ಒಣಗುವ ಮೊದಲೇ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಆಫೀಸಿನ ಟೈಪ್‌ರೈಟರಿನ ಅಕ್ಷರಗಳು ತೇವಕ್ಕೆ ಅಂಟಿಕೊಳ್ಳುತ್ತಿದ್ದವು. ಬೆರಳಲ್ಲಿ ಒಂದೊಂದನ್ನೇ ಕೆಳಗೆ ತಳ್ಳಿ ಮುಂದಿನದನ್ನು ಒತ್ತಬೇಕಿತ್ತು.

ಎಸ್ಟೇಟಿನ ಮಾಲೀಕರ ಹೆಸರು ಇನಾಸ್. ಮೂರು ತಲೆಮಾರಿನ ಹಿಂದೆ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರಿಶ್ಚಿಯನ್ ಮನೆತನ. ಲೈನುಮನೆಗಳ ಕೂಲಿಯವರಿಗೂ ನಮಗೂ ಅವರು ಇನಾಸ್ ಧಣಿ. ಅವರ ಹೆಂಡತಿ ನಮಗೆ ಸೆವರಿನ್ ಬಾಯಿ, ಬರೀ ಬಾಯಿ ಎಂದೂ ಕರೆಯುತ್ತಿದ್ದೆವು. ಮಕ್ಕಳಿರಲಿಲ್ಲ. ಧಣಿ ಒಳ್ಳೆಯವರೇ, ಆದರೆ ಗಂಟಲು ದೊಡ್ಡದು. ಸ್ಟೋರಿನ ಮುಂದೆ ನಿಂತು ಕೂಗಿದರೆ ಕೆಳಗಿನ ಲೈನಿನಲ್ಲಿ ಒಲೆ ಊದುತ್ತಿದ್ದವರೂ ಎದ್ದು ಹೊರಗೆ ಬರಬೇಕು. ಬೈದರೆ ಕನ್ನಡದಲ್ಲಿ ಶುರುಮಾಡಿ, ಕೊಂಕಣಿಗೆ ಹೋಗಿ, ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದರು. ಬೈದ ಮೇಲೆ ಮರೆತುಬಿಡುತ್ತಿದ್ದರು.

ಆ ವರ್ಷ ಕಾಫಿ ಗಿಡ ಹೂಬಿಡಿಸುವ ಹೂಮಳೆ ಹದವಾಗಿ ಬಿದ್ದಿತ್ತು. ಗಿಡದಲ್ಲಿ ಕಾಯಿ ಕಚ್ಚುವ ಹೊತ್ತಿಗೆ, ಒಂದು ಬೆಳಿಗ್ಗೆ, ಧಣಿ ಕಣದ ಮೇಲೆ ಕುಸಿದು ಬಿದ್ದರು. ಜೀಪಿನಲ್ಲಿ ಮಲಗಿಸಿ ಘಟ್ಟ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಬಹಳ ದಿನ ಅಲ್ಲೇ ಇದ್ದರು. ವಾಪಸ್ಸು ಬಂದಾಗ ಬಲಗೈ ಜೋತುಬಿದ್ದಿತ್ತು, ಕಾಲೆಳೆದುಕೊಂಡು ಕೋಲು ಹಿಡಿದು ನಡೆಯುತ್ತಿದ್ದರು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮಾತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಆದರೆ ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ ಪದ.

"ನಾಳೆ."

ನೀರು ಬೇಕಾದರೂ ನಾಳೆ, ಸಿಟ್ಟು ಬಂದರೂ ನಾಳೆ. ಸೆವರಿನ್ ಬಾಯಿಯನ್ನು ಹತ್ತಿರ ಕರೆಯಬೇಕಾದರೂ ನಾಳೆ. ತಿಮ್ಮಯ್ಯ ಮೇಸ್ತ್ರಿ ಮೊದಲ ದಿನ ಬಂದು, "ಧಣಿ, ಮ್ಯಾಲಿನ ಪಟ್ಟೆಗೆ ಔಸ್ದಿ ಹೊಡೆಸ್ಬುಡದಾ?" ಎಂದು ಕೇಳಿದ. "ನಾಳೆ" ಎಂದರು. ಅವನು ತಲೆಯಾಡಿಸಿ ಹೋದ. ಮರುದಿನ ಬಂದ, ಮತ್ತೆ ನಾಳೆ. ಅದರ ಮರುದಿನವೂ ಹಾಗೇ ಆದಾಗ ಆಫೀಸಿನ ಕಿಟಕಿಗೆ ಬಂದು ನನ್ನನ್ನು ಕೇಳಿದ:

"ಟೈಪಮ್ಮ, ಧಣಿಗೆ ಏನಾಗೈತೆ? ನಾಳೆ ಅನ್ನದು ಬುಟ್ರೆ ಬ್ಯಾರೆ ಬರಲ್ವಾ?"

"ಬರಲ್ಲ ತಿಮ್ಮಯ್ಯ" ಎಂದೆ. ಅವನು ಮಳೆಗೆಂದು ಹೊದ್ದಿದ್ದ ಎಲೆಯ ಗೊರಬನ್ನು ತಲೆಯಿಂದ ತೆಗೆದು ಮಳೆಯಲ್ಲೇ ನಿಂತ.

ಮಂಗಳೂರಿನ ಡಾಕ್ಟರು ಸೆವರಿನ್ ಬಾಯಿಗೆ ಹೇಳಿ ಕಳಿಸಿದ್ದರಂತೆ: ಅವರಿಗೆ ಪದ ಸಿಗದಿದ್ದಾಗ ನೀವು ಕೊಡಬೇಡಿ, ಅವರೇ ಹುಡುಕಲಿ, ಕಾಯಿರಿ. ಹೇಳುವುದು ಸುಲಭ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಕಣ್ಣು ಯಾವ ಕಡೆ ಹೊರಳಿದರೆ ಏನು ಬೇಕೆಂದು ಗೊತ್ತು. ಅವರು ಬಾಯಿ ತೆರೆಯುವ ಮೊದಲೇ "ಕಾಫಿಯಾ? ಬೆಡ್‌ಶೀಟಾ? ಕನ್ನಡಕವಾ?" ಎಂದು ಸಾಲಾಗಿ ಕೇಳುತ್ತಿದ್ದರು. ಒಂದು ಸರಿಹೋಗುತ್ತಿತ್ತು. ಧಣಿ ತಲೆಯಾಡಿಸುತ್ತಿದ್ದರು. ಬರಬರುತ್ತ ನಾಳೆ ಎನ್ನುವುದನ್ನೂ ಬಿಟ್ಟು ಬರೀ ತಲೆಯಾಡಿಸತೊಡಗಿದರು. ಯಾರಾದರೂ ನೋಡಲು ಬಂದರೆ ವರಾಂಡದಿಂದ ಎದ್ದು ಒಳಗೆ ಹೋಗುತ್ತಿದ್ದರು.

ಜೂನ್ ಮುಗಿಯುತ್ತಿದ್ದಾಗ ಸೆವರಿನ್ ಬಾಯಿಯ ತಮ್ಮ ಲಿಯೋ ಬಂದ. ಹಡಗಿನಲ್ಲಿ ರೇಡಿಯೋ ಕೆಲಸ ಅವನದು. ಭಾವನಿಗೆಂದು ಒಂದು ಪೆಟ್ಟಿಗೆ ತಂದಿದ್ದ. ಬಿಚ್ಚಿದರೆ ಒಳಗೆ ಸ್ಲೇಟಿನಷ್ಟು ದೊಡ್ಡ ಕಪ್ಪು ಹಲಗೆ, ಅದರ ಮೇಲೆ ರಬ್ಬರಿನ ಗುಂಡಿಗಳು. "ಕಂಪ್ಯೂಟರ್" ಎಂದ. ಆ ಹೆಸರನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ ಅಷ್ಟೆ. ಅದನ್ನು ಬಂಗಲೆಯ ಹಾಲಿನಲ್ಲಿದ್ದ ಟಿ.ವಿ.ಗೆ ಸಿಕ್ಕಿಸಿ, ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್ ಹಾಕಿದ. ಕ್ಯಾಸೆಟ್ಟಿನಿಂದ ಹಾಡು ಬರಲಿಲ್ಲ. ಕಿವಿ ಹರಿಯುವಂತೆ ಕಿರುಚಿತು. ಹೊರಗೆ ನಾಯಿಗಳು ಬೊಗಳಿದವು. ಬಹಳ ಹೊತ್ತಾದ ಮೇಲೆ ಟಿ.ವಿ.ಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಅಕ್ಷರ ಮೂಡಿತು. ಅವುಗಳ ಕೆಳಗೆ ಒಂದು ಚುಕ್ಕೆ ಮಿಣುಕುತ್ತಿತ್ತು.

"ಚಿತ್ರ ಎಲ್ಲಿ?" ಎಂದು ಸೆವರಿನ್ ಬಾಯಿ ಕೇಳಿದರು.

"ಚಿತ್ರ ಇಲ್ಲ ಅಕ್ಕ. ಬರೀ ಮಾತು. ಇದು ಕಥೆ, ಆದ್ರೆ ಮುಂದೆ ಎಂತ ಮಾಡ್ಬೇಕು ಅಂತ ನಾವು ಹೇಳ್ಬೇಕು. ಸರಿಯಾದದ್ದು ಹೇಳಿದ್ರೆ ಮುಂದೆ ಹೋಗ್ತದೆ, ಇಲ್ಲದಿದ್ರೆ ಅಲ್ಲೇ ನಿಲ್ತದೆ."

ಹಡಗು ಒಡೆದು ಒಬ್ಬ ಮನುಷ್ಯ ಒಂದು ದ್ವೀಪಕ್ಕೆ ಬಂದು ಬಿದ್ದಿದ್ದಾನೆ. ಅಲ್ಲೊಂದು ಹಳೆಯ ದೀಪಸ್ತಂಭ. ಅದರ ದೀಪ ಹೊತ್ತಿಸಿದರೆ ದೂರದ ಹಡಗು ಕಂಡು ಬರುತ್ತದೆ. ಅಷ್ಟೇ ಕಥೆ. ಉತ್ತರ ದಿಕ್ಕಿಗೆ ಹೋಗು, ಹಗ್ಗ ತಗೋ, ಬಾಗಿಲು ನೋಡು, ಹೀಗೆ ಒಂದೆರಡು ಪದ ಟೈಪ್ ಮಾಡಬೇಕು. ಟೈಪ್ ಮಾಡಲು ಧಣಿಯ ಬಲಗೈ ಏಳುತ್ತಿರಲಿಲ್ಲ. ಸೆವರಿನ್ ಬಾಯಿಗೆ ತಾಳ್ಮೆಯಿರಲಿಲ್ಲ. ಆಫೀಸಿನಿಂದ ನನ್ನನ್ನು ಕರೆಸಿದರು.

ಲಿಯೋ ಹಡಗಿಗೆ ವಾಪಸ್ಸು ಹೋಗುವ ಮೊದಲು, ಧಣಿ ಮಧ್ಯಾಹ್ನ ಮಲಗಿರುವಾಗ, ನನಗೆ ಆ ದ್ವೀಪವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಸುತ್ತಿಸಿ ತೋರಿಸಿದ. ಎಲ್ಲೆಲ್ಲಿ ಏನೇನು ಮಾಡಬೇಕು ಎಂಬುದು ನನಗೆ ಬಾಯಿಪಾಠವಾಯಿತು. ಆಮೇಲೆ ಹೇಳಿದ:

"ಸುಮಿತ್ರಾ, ಭಾವ ಎಷ್ಟೇ ಒದ್ದಾಡಿದ್ರೂ ಉತ್ತರ ಮಾತ್ರ ಹೇಳ್ಬಾರ್ದು, ಆಯ್ತಾ? ಉತ್ತರ ಹೇಳಿದ್ರೆ ಈ ಆಟದಲ್ಲಿ ಮತ್ತೆಂತದೂ ಉಳಿಯೂದಿಲ್ಲ. ಹಡಗಲ್ಲಿ ನಾವು ಒಬ್ಬರಿಗೊಬ್ಬರು ಸುಳಿವು ಮಾತ್ರ ಕೊಡೂದು. ಅದೂ ಸಣ್ಣದು. ಮೊದಲು, ನೀನು ನೋಡದೆ ಬಿಟ್ಟದ್ದು ಎಂತ ಉಂಟು ಅಂತ ಕೇಳು. ಆಗ್ಲಿಲ್ಲ ಅಂದ್ರೆ ಮಾತ್ರ ಇನ್ನೊಂದು ಹೆಜ್ಜೆ ಹತ್ರ ಬಾ."

"ಅವರಿಗೆ ಮಾತೇ ಬರಲ್ವಲ್ಲ ಸಾರ್, ಹೇಗೆ ಆಡೋದು?" ಎಂದು ಕೇಳಿದೆ.

"ಗೊತ್ತಿಲ್ಲ ಮಾರಾಯ್ತಿ" ಎಂದ. ಅವನ ಕಣ್ಣು ತೇವವಾಗಿತ್ತು. "ನನಗೆ ಬೇರೆಂತ ತರ್ಲಿಕ್ಕೂ ತೋಚಲಿಲ್ಲ."

ಅವನು ಹೋದ ಮೇಲೆ ದಿನವೂ ಸಂಜೆ, ಕತ್ತಲಾಗುವ ಮೊದಲು, ಆಫೀಸು ಮುಗಿಸಿ, ನಾನು ಬಂಗಲೆಯ ಹಾಲಿಗೆ ಹೋಗಬೇಕಾಯಿತು. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳ ಕಿತ್ತು, ಉಪ್ಪುನೀರಲ್ಲಿ ತೊಳೆದು, ಒದ್ದೆ ಸೆರಗು ಹಿಂಡಿ ಒಳಗೆ ಕಾಲಿಟ್ಟರೆ ಧಣಿ ಟಿ.ವಿ. ಮುಂದೆ ಕೂತಿರುತ್ತಿದ್ದರು. ಆಸೆಯಿಂದ ಅಲ್ಲ, ಬೇರೆ ಕಡೆ ಕೂರಲು ಮನಸ್ಸಿಲ್ಲದೆ. ನಾನು ಪರದೆಯ ಮೇಲಿದ್ದುದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಯಾವ ಭಾಷೆಯಲ್ಲಿ ಹೇಳಿದರೂ ಇಂಗ್ಲಿಷಿಗೆ ತಿರುಗಿಸಿ ಒತ್ತುವುದು ನನ್ನ ಕೆಲಸ. ಮೊದಮೊದಲು ಒತ್ತಲು ಏನೂ ಇರಲಿಲ್ಲ. "ಎದುರಿಗೆ ಒಂದು ಗುಡಿಸಲು. ಬಾಗಿಲು ಮುಚ್ಚಿದೆ. ಏನು ಮಾಡೋಣ ಧಣಿ?" ಎಂದರೆ "ನಾಳೆ" ಎನ್ನುವರು. ನಾನು ಕಾಯುವೆ. ಚುಕ್ಕೆ ಮಿಣುಕುತ್ತಿರುತ್ತದೆ. ಹೊರಗೆ ಮಳೆ. ಹಾಗೇ ಕತ್ತಲಾಗುತ್ತದೆ.

ಆ ಬಾಗಿಲಿಗೆ ಬೀಗವಿಲ್ಲ, ಹಿಡಿಯಿಲ್ಲ. ದೂಡಿದರೆ ತೆರೆಯುವುದಿಲ್ಲ. ಧಣಿ ಕೈಯಿಂದ ದೂಡುವಂತೆ ತೋರಿಸಿದರು, ಒತ್ತಿದೆ, ಆಗಲಿಲ್ಲ. ಕಡಿಯುವಂತೆ ತೋರಿಸಿದರು, ಕೊಡಲಿ ಇಲ್ಲ ಎಂದಿತು. ಕೆಲವು ದಿನ ಹೀಗೇ ಹೋಯಿತು. ನನಗೆ ನಿದ್ದೆ ತೂಗುತ್ತಿತ್ತು. ಉತ್ತರ ನಾಲಗೆಯ ತುದಿಯಲ್ಲಿತ್ತು. ಹೇಳಿಬಿಟ್ಟು ರೂಮಿಗೆ ಹೋಗಿ ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳೋಣ ಅನಿಸುತ್ತಿತ್ತು. ಕೊನೆಗೆ ಒಂದು ದಿನ ಕೇಳಿದೆ:

"ಧಣಿ, ಇದು ನಿಮ್ಮ ಎಸ್ಟೇಟಲ್ಲ. ಬೇರೆಯವರ ಮನೆ. ಬೇರೆಯವರ ಮನೆಗೆ ಹೋದ್ರೆ ನೀವು ಸೀದಾ ಒಳಗೆ ನುಗ್ತೀರಾ?"

ಧಣಿ ನನ್ನನ್ನು ನೋಡಿದರು. ಆಮೇಲೆ ಎಡಗೈಯ ಗೆಣ್ಣಿನಿಂದ ಕುರ್ಚಿಯ ಕೈಯ ಮೇಲೆ ಟಕ್ ಟಕ್ ಎಂದು ಬಡಿದರು. ಸರಿಯಾಗಿತ್ತು. ನಾನು ಒತ್ತಬಹುದಿತ್ತು. ಯಾಕೋ ಒತ್ತಲಿಲ್ಲ. "ಅದಕ್ಕೇನಂತಾರೆ?" ಎಂದೆ.

"ನಾಳೆ."

"ಅಲ್ಲ ಧಣಿ."

ಅವರ ಮುಖ ಕೆಂಪಗಾಯಿತು. ಮತ್ತೆ ಬಡಿದರು, ಜೋರಾಗಿ. ತುಟಿ ಒಂದು ಕಡೆಗೆ ಎಳೆಯಿತು. "ತ…" ಎಂದರು. ನಿಲ್ಲಿಸಿದರು. ಬೆವರು ಬಂತು. "ತ… ತಟ್ಟು."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಸೆವರಿನ್ ಬಾಯಿ ಓಡಿಬಂದು ಬಾಗಿಲಲ್ಲಿ ನಿಂತರು. ನಾನು ಒತ್ತಿದೆ. ಗುಡಿಸಲಿನ ಒಳಗಿನಿಂದ ಯಾರೋ ಬಾಗಿಲು ತೆರೆದರು ಎಂದು ಪರದೆಯ ಮೇಲೆ ಬಂತು. ಧಣಿ ಎಡಗೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ಅಳುತ್ತಲೇ ಆ ಪದವನ್ನು ಮತ್ತೆ ಮತ್ತೆ ಹೇಳಿದರು, ಎಲ್ಲಿ ಕಳೆದುಹೋಗುತ್ತದೋ ಎನ್ನುವಂತೆ.

ಆಮೇಲೆ ಎಲ್ಲವೂ ಸಲೀಸಾಯಿತೆಂದರೆ ಸುಳ್ಳಾಗುತ್ತದೆ. ಮಳೆಗಾಲದ ಕರೆಂಟು ಎಂದರೆ ಗಾಳಿಗಿಟ್ಟ ದೀಪ. ಆಟ ಒಂದು ಹಂತಕ್ಕೆ ಬಂದಾಗ ಪಕ್ಕನೆ ಹೋಗುತ್ತಿತ್ತು. ಎಲ್ಲ ಅಳಿಸಿಹೋಗಿ ಮತ್ತೆ ಸಮುದ್ರದ ದಡದಿಂದ ಶುರು. ಮತ್ತೆ ಆ ಕೀರಲು ಸದ್ದು, ಮತ್ತೆ ಅದೇ ಗುಡಿಸಲು. ನನಗೆ ಅಳು ಬರುತ್ತಿತ್ತು. ಧಣಿಗೆ ಮಾತ್ರ ಅದರಿಂದ ಒಳ್ಳೆಯದೇ ಆಯಿತೇನೋ. ಹೇಳಿದ ಪದಗಳನ್ನೇ ದಿನದಿನ ಹೇಳಬೇಕಾಗಿ ಅವು ನಾಲಗೆಗೆ ಹತ್ತಿದವು. ತಟ್ಟು, ಹಗ್ಗ, ಹತ್ತು, ಇಳಿ. ಕೆಲವು ಕೊಂಕಣಿಯಲ್ಲಿ ಬರುತ್ತಿದ್ದವು. ದೀಪಸ್ತಂಭದ ಹಾದಿಯಲ್ಲಿ ಒಂದು ನಾಯಿ ಅಡ್ಡ ಕೂತಿತ್ತು. ಹೊಡೆದರೆ ಕಚ್ಚುತ್ತದೆ, ತಿನ್ನಲು ಕೊಟ್ಟರೆ ಮೂಸುವುದಿಲ್ಲ. ಸುಮ್ಮನೆ ಅದರ ಮುಂದೆ ಕೂತುಕೊಳ್ಳಬೇಕು, ಆಗ ಅದೇ ಎದ್ದು ಹೋಗುತ್ತದೆ. ಈ ನಾಯಿಯೊಂದೇ ಜುಲೈನ ಅರ್ಧ ತಿಂದಿತು. "ನೀವು ನಿಂತೇ ಇದೀರಲ್ಲ ಧಣಿ" ಎಂಬ ಸುಳಿವು ನನಗೆ ಹೊಳೆಯಲು ಅಷ್ಟು ದಿನ ಹಿಡಿಯಿತು. "ಕೂರು" ಎಂಬ ಪದ ಅವರಿಗೆ ಸಿಗಲು ಇನ್ನಷ್ಟು ದಿನ.

ಸುಳಿವು ಕೊಡುವುದು ಉತ್ತರ ಹೇಳುವುದಕ್ಕಿಂತ ಎಷ್ಟೋ ಕಷ್ಟ ಎಂದು ನನಗೆ ಗೊತ್ತಾದದ್ದು ಆಗ. ದೊಡ್ಡ ಸುಳಿವು ಕೊಟ್ಟರೆ ಅವರು ಮುಖ ತಿರುಗಿಸುತ್ತಿದ್ದರು. ತೀರ ಸಣ್ಣದು ಕೊಟ್ಟರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಅವರು ಆಗಲೇ ನೋಡಿ ಮರೆತದ್ದೊಂದನ್ನು ನೆನಪಿಗೆ ತರುವ ಸುಳಿವೇ ಒಳ್ಳೆಯದು. ಹೊಸದನ್ನು ನಾನು ತಂದು ಕೈಗಿಡಬಾರದು. ಇದನ್ನು ಕಲಿಯುತ್ತ ಕಲಿಯುತ್ತ ನನಗೆ ತಲೆ ಭಾರವಾಗಿ, ಬೆಳಗ್ಗೆ ಆಫೀಸಿನಲ್ಲಿ ಪತ್ರ ಟೈಪ್ ಮಾಡುವಾಗ ಸಾಲುಗಳು ಜಾರುತ್ತಿದ್ದವು.

ತಿಮ್ಮಯ್ಯ ಕೆಲಸದ ಲೆಕ್ಕ ಹೇಳಲು ಬಂದಾಗ ಕಿಟಕಿಯ ಹೊರಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ ಧಣಿ ಅವನಿಗೆ ಏನೋ ಹೇಳಲು ಹೊರಟು ಪದ ಸಿಗದೆ ನಿಂತರು. ಮೊದಲಾಗಿದ್ದರೆ ಅವನು ಹತ್ತು ಪದ ತಾನೇ ಎಸೆಯುತ್ತಿದ್ದ. ಅಂದು ಗೊರಬನ್ನು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತ.

"ಏನೂ ಅರ್ಜೆಂಟಿಲ್ಲ ಕಣ್ರೀ ಧಣಿ. ಮಳೆ ಎಲ್ಲಿಗ್ ಹೋಯ್ತದೆ. ತೋಟದ್ದಾ, ಮನೇದಾ, ಅಷ್ಟೇಳಿ."

"ತೋಟ" ಎಂದರು ಧಣಿ. ಸ್ವಲ್ಪ ಹೊತ್ತಿನ ಮೇಲೆ, "ಚರಂಡಿ."

"ಅಂಗನ್ನಿ ಮತ್ತೆ! ಕೆಳಗಿನ ಚರಂಡಿ ಕಟ್ಕಂಡೈತೆ, ಬುಡಿಸ್ತೀನಿ" ಎಂದು ಅವನು ಎದ್ದು ಹೋದ. ಹೋಗುವಾಗ ನನ್ನ ಕಡೆ ನೋಡಿ ನಕ್ಕ.

ಆಗಸ್ಟಿನಲ್ಲಿ ಬಾವಿಯ ಹತ್ತಿರ ಸಿಕ್ಕಿಬಿದ್ದೆವು. ದೀಪಕ್ಕೆ ಬೇಕಾದ ಎಣ್ಣೆಯ ಡಬ್ಬ ಒಣಬಾವಿಯ ತಳದಲ್ಲಿದೆ. ಹಗ್ಗ ಸಾಲದು. ಮೇಲ್ಗಡೆ ಒಂದು ತೊರೆ, ಅದಕ್ಕೊಂದು ಮರದ ಅಡ್ಡಹಲಗೆ. ಹಲಗೆ ಎತ್ತಿದರೆ ನೀರು ಬಾವಿಗೆ ಹರಿದು ಡಬ್ಬ ತಾನೇ ತೇಲಿ ಬರುತ್ತದೆ. ಜೀವನವಿಡೀ ತೋಟಕ್ಕೆ ನೀರು ತಿರುಗಿಸಿದ ಮನುಷ್ಯನಿಗೆ ಇದು ಸಿಗದೆ ಇರುತ್ತದೆಯೇ ಎಂದು ನಾನು ಧೈರ್ಯವಾಗಿದ್ದೆ. ಸಿಗಲಿಲ್ಲ. ದಿನಗಳು ಹೋದವು. ಒಂದು ಸಂಜೆ ನಾನು ತೊರೆಯ ವಿವರವನ್ನು ನಿಧಾನವಾಗಿ ಮತ್ತೊಮ್ಮೆ ಓದಿದೆ. ಧಣಿ ಮುಂದಕ್ಕೆ ಬಾಗಿದರು. ಕಣ್ಣು ಸಣ್ಣದು ಮಾಡಿದರು. ಏನೋ ಹತ್ತಿರ ಬರುತ್ತಿತ್ತು. ಎಡಗೈ ಮೇಲೆದ್ದಿತು.

"ಹಲಗೆ ಎತ್ತಿ! ನೀರು ಬಿಟ್ರೆ ಡಬ್ಬ ತೇಲಿ ಬರ್ತದೆ!"

ಕೆಲವು ದಿನಗಳಿಂದಷ್ಟೇ ಹಾಲಿಗೆ ಬಂದು ಹಿಂದೆ ನಿಂತು ತರಕಾರಿ ಹೆಚ್ಚುತ್ತಿದ್ದ ಸೆವರಿನ್ ಬಾಯಿ ಕೂಗಿಬಿಟ್ಟಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಅವರಿಗೇ ಹೊಳೆದಿತ್ತು. ಮುಖದಲ್ಲಿ ಚಿಕ್ಕ ಹುಡುಗಿಯ ಸಂತೋಷ. ಮರುಕ್ಷಣ ಗಂಡನ ಮುಖ ನೋಡಿ ಅದು ಆರಿಹೋಯಿತು.

ಧಣಿ ಎತ್ತಿದ ಕೈಯನ್ನು ಕೆಳಗಿಳಿಸಿದರು. ಕೋಲು ಹುಡುಕಿ ಎದ್ದರು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಊಟಕ್ಕೆ ಬರುತ್ತಿದ್ದರು, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು, ಹೋಗುತ್ತಿದ್ದರು. ಏನು ಕೇಳಿದರೂ "ನಾಳೆ." ಇಷ್ಟು ದಿನ ಕೂಡಿಸಿದ ಪದಗಳೆಲ್ಲ ಎಲ್ಲಿ ಹೋದವೋ. ಮಳೆ ಬಿಡುವು ಕೊಡಲಿಲ್ಲ. ತೋಟದಲ್ಲಿ ಕಾಯಿ ಕೊಳೆತು ಉದುರುತ್ತಿವೆ ಎಂದು ತಿಮ್ಮಯ್ಯ ಹೇಳಿದರೂ ಅವರು ತಲೆಯೆತ್ತಲಿಲ್ಲ.

ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಸೆವರಿನ್ ಬಾಯಿ ಒಲೆಯ ಮುಂದೆ ಕೂತು ನನಗೆ ಕಾಫಿ ಕೊಟ್ಟರು. ಅವರ ಕೂದಲು ಆ ಕೆಲವು ತಿಂಗಳಲ್ಲೇ ಪೂರ್ತಿ ಬೆಳ್ಳಗಾಗಿತ್ತು.

"ನಂಗೆ ಗೊತ್ತುಂಟು ಸುಮಿತ್ರಾ, ನಾನೇ ಹಾಳು ಮಾಡಿದೆ" ಎಂದರು. "ಆದ್ರೆ ಅವರು ಹಾಗೆ ಬಾಯಿ ತೆರೆದು ಹುಡುಕೂದನ್ನ ನೋಡ್ಲಿಕ್ಕೆ ಆಗೂದಿಲ್ಲ. ನೀನು ಸಂಜೆ ಬಂದು ಹೋಗ್ತಿ. ನಾನು ಬೆಳಗಿಂದ ರಾತ್ರಿವರೆಗೆ ಅದೇ ಮುಖ ನೋಡ್ಬೇಕು. ನೀರಿಗೆ ಬಿದ್ದವನು ಕೈ ಚಾಚಿದ ಹಾಗೆ. ಕೈ ಕೊಡದೆ ನಿಲ್ಲು ಅಂತೀರಿ ಎಲ್ಲರೂ. ಹೇಗೆ ನಿಲ್ಲೂದು?"

ನನಗೂ ಸಾಕಾಗಿತ್ತು. "ಬಾಯಿ, ನನಗೂ ದಿನಾ ಹೇಳಿಬಿಡೋಣ ಅನ್ಸುತ್ತೆ" ಎಂದೆ.

"ಹೌದಾ?"

"ದಿನಾ."

ಅವರು ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು, "ಬಾ, ಆ ಮೆಷೀನು ಹಾಕು. ನಾನು ಆಡ್ತೇನೆ" ಎಂದರು. "ಮೊದಲಿಂದ. ನಾನು ಅಡಿಗೆಮನೆಯಲ್ಲಿದ್ದೆ, ಮೊದಲಿಂದು ನಂಗೆಂತದೂ ಗೊತ್ತಿಲ್ಲ."

ಅದು ನಿಜ. ತಟ್ಟುವುದೊಂದು ಗೊತ್ತಿತ್ತು ಅವರಿಗೆ. ಗುಡಿಸಲು ದಾಟಿದರು. ಮರುದಿನ ಹಗ್ಗ ಹುಡುಕಿದರು, ಬಂಡೆ ಹತ್ತಿದರು. ಅವರ ಆಟ ಧಣಿಯ ಆಟದ ಹಾಗಲ್ಲ. ಬಾಯಿಗೆ ಬಂದದ್ದೆಲ್ಲ ಹೇಳುವರು, ಆಗದಿದ್ದರೆ ಟಿ.ವಿ.ಯನ್ನು ಕೊಂಕಣಿಯಲ್ಲಿ ಬೈಯುವರು. ಧಣಿಯ ರೂಮಿನ ಬಾಗಿಲು ಮುಚ್ಚಿಯೇ ಇತ್ತು. ಆಮೇಲೊಂದು ದಿನ ಅದು ಒಂದು ಗೇಣು ತೆರೆದಿರುವುದನ್ನು ನಾನು ನೋಡಿದೆ. ಬಾಯಿಗೆ ಹೇಳಲಿಲ್ಲ.

ನಾಯಿ ಬಂತು. ಬಾಯಿ ಅದಕ್ಕೆ ಮೀನು ಕೊಟ್ಟರು, ಬೇಡವೆಂದಿತು. ಕಲ್ಲು ಹೊಡೆದರು, ಕಚ್ಚಿತು. ಹಾಡು ಹೇಳು ಎಂದರು. ಮುದ್ದು ಮಾಡು ಎಂದರು. "ಎಂತ ನಾಯಿ ಇದು! ಇದರ ಯಜಮಾನ ಯಾರು?" ಎಂದು ರೇಗಿದರು. "ಸುಮಿತ್ರಾ, ಒಂದು ಸುಳಿವು ಕೊಡು."

ನಾನು ಬಾಯಿ ತೆರೆಯುವ ಮೊದಲೇ ರೂಮಿನಿಂದ ಕೋಲಿನ ಸದ್ದು ಬಂತು. ಧಣಿ ಕಾಲೆಳೆಯುತ್ತ ಹಾಲಿಗೆ ಬಂದರು. ನಮ್ಮಿಬ್ಬರನ್ನೂ ನೋಡಲಿಲ್ಲ. ಗೋಡೆಯ ಪಕ್ಕದ ಕುರ್ಚಿಯನ್ನು ಎಡಗೈಯಲ್ಲಿ ಎಳೆದು, ಹಾಲಿನ ನಡುವೆ ತಂದು, ದೊಪ್ಪೆಂದು ಕೂತರು. ಕಿಟಕಿಯ ಕಡೆ ಮುಖ ಮಾಡಿದರು.

"ಎಂತ ಆಯ್ತು? ಮೈ ಹುಷಾರಿಲ್ವಾ?" ಎಂದು ಬಾಯಿ ಎದ್ದರು.

ಧಣಿ ಕಷ್ಟಪಟ್ಟು ಎದ್ದು ನಿಂತರು. ಮತ್ತೆ ಕೂತರು, ಇನ್ನೂ ಜೋರಾಗಿ. ಮತ್ತೆ ಕಿಟಕಿಯ ಕಡೆ ನೋಡಿದರು. ನಾನು ತುಟಿ ಕಚ್ಚಿ ನಗು ತಡೆದುಕೊಂಡೆ.

"ನೀರು ಬೇಕಾ? ಕಾಫಿ ಬೇಕಾ? ಹೇಳಿ ಮಾರಾಯ್ರೇ, ನಾನು ಇಲ್ಲಿ ನಾಯಿ ಹತ್ರ ಸಾಯ್ತಾ ಇದ್ದೇನೆ!"

ಧಣಿ ಮೂರನೇ ಸಲ ಎದ್ದು ನಿಂತಾಗ ಬಾಯಿ ಮಾತು ನಿಲ್ಲಿಸಿದರು. ಅವರನ್ನು ನೋಡಿದರು, ಟಿ.ವಿ.ಯನ್ನು ನೋಡಿದರು. "ಏನದು? ನಾನು ಎಂತ ಮಾಡ್ಬೇಕು? ನೀವೇ ಹೇಳಿಬಿಡಿ" ಎಂದರು.

ಧಣಿಯ ತುಟಿ ಅಲುಗಿತು. ಸೆವರಿನ್ ಬಾಯಿ ಕಾದರು. ನಾನು ನೋಡಿದೆ, ಅವರ ಎರಡೂ ಕೈ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

"ನೀ… ನೀನೇ" ಎಂದರು ಧಣಿ. ಬೆರಳನ್ನು ಹೆಂಡತಿಯ ಕಡೆ ತೋರಿಸಿ, ತಲೆ ಅಲ್ಲಾಡಿಸಿ, "ನೀನೇ ಹೇಳು."

ಸೆವರಿನ್ ಬಾಯಿ ನಕ್ಕರು. ಅಳುತ್ತ ನಕ್ಕರು. ನಗುತ್ತ ಗಂಡನ ಪಕ್ಕದಲ್ಲಿ, ನೆಲದ ಮೇಲೆಯೇ, ಕಾಲು ಚಾಚಿ ಕೂತುಬಿಟ್ಟರು. ಕೂತ ಮೇಲೆ ಅವರಿಗೆ ಹೊಳೆಯಿತು. "ಕೂರೂದಾ! ಬರೀ ಕೂರೂದಾ!" ಎಂದು ಕೂಗಿದರು. ಧಣಿ ಗಂಟಲು ತೆರೆದು ನಕ್ಕರು. ಬಿದ್ದ ದಿನದಿಂದ ಆ ಮನೆಯಲ್ಲಿ ಅವರ ನಗು ಕೇಳಿರಲಿಲ್ಲ. ಕಿಟಕಿಯ ಹೊರಗಿನಿಂದ ತಿಮ್ಮಯ್ಯ, "ಏನಾಯ್ತು ಟೈಪಮ್ಮ, ನಾಯಿ ಹೋಗ್ಬುಡ್ತಾ?" ಎಂದು ಕೇಳಿದ.

ಅಂದಿನಿಂದ ಇಬ್ಬರೂ ಕೂಡಿ ಆಡಿದರು. ನಾನು ಬರೀ ಬೆರಳು. ಬಾಯಿ ತಡೆದುಕೊಳ್ಳಲಾರದೆ ಕೆಲವು ಸಲ ಎದ್ದು ಅಡಿಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಪದ ಸಿಕ್ಕಿತೆಂದು ಕೇಳಿಸಿದ ಮೇಲೆ ವಾಪಸ್ಸು ಬರುತ್ತಿದ್ದರು. ಧಣಿಯ ಮಾತು ಮೊದಲಿನಂತೆ ಎಂದೂ ಆಗಲಿಲ್ಲ. ಒಂದೊಂದೇ ಪದ, ಎರಡು ಪದ. ಸುಸ್ತಾದ ದಿನ ಮತ್ತೆ ನಾಳೆ. ಆದರೆ ವರಾಂಡದಲ್ಲಿ ಕೂರತೊಡಗಿದರು. ಯಾರಾದರೂ ಬಂದರೆ ಎದ್ದು ಹೋಗುತ್ತಿರಲಿಲ್ಲ.

ದಸರೆಯ ಹೊತ್ತಿಗೆ, ಹಿಂಗಾರಿನ ಗುಡುಗು ಕೇಳಿಸುತ್ತಿದ್ದ ಒಂದು ಸಂಜೆ, ದೀಪ ಹೊತ್ತಿತು. "ದೂರದಲ್ಲಿ ಒಂದು ಹಡಗು ನಿಮ್ಮ ಕಡೆ ತಿರುಗಿತು" ಎಂದು ನಾನು ಓದಿ ಹೇಳಿದೆ. ಅದರ ಕೆಳಗೆ ಬೇರೇನೂ ಇರಲಿಲ್ಲ. ಚುಕ್ಕೆಯೂ ಮಿಣುಕುವುದನ್ನು ನಿಲ್ಲಿಸಿತ್ತು. ಧಣಿ ಇನ್ನೇನೋ ಬರುತ್ತದೆಂದು ಕಾದರು.

"ಅಷ್ಟೇನಾ?" ಎಂದರು.

ಕೊಯ್ಲು ಶುರುವಾದ ಮೇಲೆ ಆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗಿಟ್ಟರು. ಕಣದ ತುಂಬ ಹಣ್ಣು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಸದ್ದು, ಹುಳಿ ವಾಸನೆ. ಯಾರಿಗೂ ಕೂರಲು ಹೊತ್ತಿರಲಿಲ್ಲ. ಆ ಗಡಿಬಿಡಿಯಲ್ಲೇ ನನಗೆ ಹಾಸನದಲ್ಲಿ ಸರ್ಕಾರಿ ಕೆಲಸವಾಯಿತೆಂದು ಊರಿನಿಂದ ತಿಳಿಯಿತು. ಖುಷಿಪಡುವಷ್ಟೂ ಶಕ್ತಿ ನನ್ನಲ್ಲಿರಲಿಲ್ಲ. ಒಂದು ವಾರ ಎಲ್ಲಾದರೂ ಒಣ ಜಾಗದಲ್ಲಿ ಮಲಗಿದರೆ ಸಾಕು ಅನ್ನಿಸಿತ್ತು.

ಹೊರಡುವ ಬೆಳಿಗ್ಗೆ ಹೇಳಿಹೋಗಲು ಬಂಗಲೆಗೆ ಬಂದೆ. ತಿಮ್ಮಯ್ಯ ನನ್ನ ಟ್ರಂಕನ್ನು ಹೊತ್ತು ವರಾಂಡದ ಮೆಟ್ಟಿಲ ಹತ್ತಿರ ಇಳಿಸಿದ. ಸಕಲೇಶಪುರಕ್ಕೆ ಹೋಗುವ ಬಸ್ಸು ಕೆಳಗೆ ಗೇಟಿನ ಮುಂದೆ ಬಂದು ನಿಲ್ಲುವ ಹೊತ್ತು. ಧಣಿ ಕೋಲು ಊರಿ ಎದ್ದು ನಿಂತರು. "ಬರ್ತೀನಿ ಧಣಿ" ಎಂದು ಕಾಲಿಗೆ ನಮಸ್ಕರಿಸಿದೆ. ಅವರು ಎಡಗೈ ನನ್ನ ತಲೆಯ ಮೇಲಿಟ್ಟರು. ನಾನು ಎದ್ದಾಗ ಅವರ ಬಾಯಿ ತೆರೆದಿತ್ತು. ಏನನ್ನೋ ಹುಡುಕುತ್ತಿದ್ದರು.

ಕೆಳಗೆ ಬಸ್ಸಿನ ಹಾರನ್ ಕೇಳಿಸಿತು.

ತಿಮ್ಮಯ್ಯ ಗೇಟಿನ ಕಡೆ ಓಡಿ, ಬಸ್ಸಿನವನಿಗೆ ಕೈ ತೋರಿಸಿ, ಅರ್ಧ ದಾರಿಯಿಂದ ಕೂಗಿದ: "ಡ್ರೈವರ್ ಬೈತಾವ್ನೆ ಟೈಪಮ್ಮ, ಬರ್ತೀರೋ ಇಲ್ವೋ?" ಆಮೇಲೆ ಧಣಿಯ ಮುಖ ನೋಡಿ, ತಲೆಯ ವಸ್ತ್ರ ತೆಗೆದು, ಇದ್ದಲ್ಲೇ ನಿಂತ.

ಸೆವರಿನ್ ಬಾಯಿ ಬಾಗಿಲ ಚೌಕಟ್ಟಿಗೆ ಒರಗಿದ್ದರು. ಆ ಪದ ಏನೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗುವಿಗೂ ಗೊತ್ತಿರುವ ಮಾತು ಅದು. ಅವರು ತುಟಿಗಳನ್ನು ಒಳಗೆಳೆದು ಕಚ್ಚಿಕೊಂಡು ನಿಂತಿದ್ದರು. ಹಾರನ್ ಮತ್ತೊಮ್ಮೆ ಕೂಗಿತು. ಎಂಜಿನ್ನಿನ ಸದ್ದು ಏರಿತು, ತಿರುವಿನಲ್ಲಿ ಸಣ್ಣದಾಯಿತು, ಹೋಯಿತು. ಕಣದಲ್ಲಿ ಹಣ್ಣು ಹರವುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ನೋಡುತ್ತಿದ್ದರು.

"ಹೋ…" ಎಂದರು ಧಣಿ. ಕಣ್ಣು ಮುಚ್ಚಿದರು. ತೆರೆದರು. "ಹೋಗಿ… ಬಾ."

"ಆಯ್ತು ಧಣಿ" ಎಂದೆ.

ಇನ್ನೊಂದು ಬಸ್ಸು ಮಧ್ಯಾಹ್ನದ ಮೇಲೆಯೇ. ನಾನು ಟ್ರಂಕಿನ ಮೇಲೆ ಕೂತೆ. ಸೆವರಿನ್ ಬಾಯಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ತೊಳೆದು ಹಾಕಿದರು.